ಮಪೆಟ್ಸ್ ತಂಡದಲ್ಲಿ ವಾಲ್ಟರ್ ಯಾಕೆ ಮೂಲೆ ಸೇರಿದ? ಯಾವ ಕೆಲಸ ಕೊಟ್ಟರೆ ಅವನು ಉಳಿಯುತ್ತಾನೆ?

ವಾಲ್ಟರ್ ಮೇಲೆ ನನಗೂ ಸ್ವಲ್ಪ ಕನಿಕರ ಇದೆ. ಹಾಗಾಗಿ ಉತ್ತರ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಗೊತ್ತಿಲ್ಲದವರಿಗೆ ಎರಡು ಮಾತು. ಮಪೆಟ್ಸ್ ಅಂದರೆ ಜಿಮ್ ಹೆನ್ಸನ್ ಕಟ್ಟಿದ ಗೊಂಬೆಗಳ ತಂಡ. ಕರ್ಮಿಟ್ ಕಪ್ಪೆ, ಮಿಸ್ ಪಿಗ್ಗಿ, ಫಾಝಿ ಕರಡಿ, ಗಾಂಝೊ ಎಲ್ಲ ಸೇರಿ 1976ರಿಂದ 1981ರವರೆಗೆ ‘ದ ಮಪೆಟ್ ಶೋ’ದಲ್ಲಿ ಒಂದು ಥಿಯೇಟರ್ ನಡೆಸುತ್ತಿದ್ದರು. ಒಟ್ಟು 120 ಎಪಿಸೋಡು. ಅದಾಗಿ ಮೂವತ್ತು ವರ್ಷದ ಮೇಲೆ, 2011ರ ಸಿನಿಮಾದಲ್ಲಿ ವಾಲ್ಟರ್ ಬಂದ. ಚಿಕ್ಕ ಊರಿನ ಹುಡುಗ. ಒಡಹುಟ್ಟಿದ ಗ್ಯಾರಿ ಮನುಷ್ಯ, ಇವನು ಮಾತ್ರ ಗೊಂಬೆ. ಚಿಕ್ಕಂದಿನಿಂದ ಮಪೆಟ್ಸ್ ಅಂದರೆ ಪ್ರಾಣ. ಚದುರಿ ಹೋಗಿದ್ದ ತಂಡವನ್ನು ಮತ್ತೆ ಒಟ್ಟು ಮಾಡಲು ಹೊರಡುವವನೇ ಇವನು. ಇಷ್ಟೆಲ್ಲ ಮಾಡಿದವನು ಆಮೇಲೆ ಎಲ್ಲಿ ಹೋದ ಅನ್ನೋದು ನಿಮ್ಮ ಪ್ರಶ್ನೆ.

ಸಿನಿಮಾ ಚೆನ್ನಾಗಿತ್ತು, ಅದರಲ್ಲಿ ಅನುಮಾನ ಇಲ್ಲ. ತೊಂದರೆ ಇರೋದು ವಾಲ್ಟರ್‌ನ ಆಸೆಯಲ್ಲಿ. ಅವನಿಗೆ ಬೇಕಿದ್ದದ್ದು ಒಂದೇ, ತಂಡ ಸೇರುವುದು. ಕೊನೆಗೆ ಸೇರಿದ. ಅಲ್ಲಿಗೆ ಅವನ ಕಥೆ ಮುಗೀತು. ಮದುವೆ ಆಗಿ ಹೋದಮೇಲೆ ಹೀರೋಗೆ ಕೆಲಸವೇ ಇಲ್ಲದ ಸೀರಿಯಲ್ ನೋಡಿರ್ತೀರಲ್ಲ, ಹಾಗೆ. ‘ನಾನು ಮನುಷ್ಯನೋ ಮಪೆಟ್ಟೋ’ ಅಂತ ಅವನು ಹಾಡುವ ಹಾಡಿಗೆ 2012ರಲ್ಲಿ ಆಸ್ಕರ್ ಬಂತು. ಹಾಡು ಚೆಂದ. ಆದರೆ ಆ ಪ್ರಶ್ನೆಗೂ ಅದೇ ಸಿನಿಮಾದಲ್ಲಿ ಉತ್ತರ ಸಿಕ್ಕಿಬಿಟ್ಟಿತು!

ಹಳಬರನ್ನು ನೋಡಿ. ಪಿಗ್ಗಿಗೆ ಕರ್ಮಿಟ್ ಬೇಕು, ದೊಡ್ಡ ಸ್ಟಾರ್ ಅಂತ ಹೆಸರೂ ಬೇಕು. ಎಷ್ಟು ಸಿಕ್ಕರೂ ಸಾಲದು. ಫಾಝಿಗೆ ಜನ ನಗಬೇಕು, ಜೋಕು ಮಾತ್ರ ಪ್ರತಿ ಸಲ ನೆಲಕಚ್ಚುತ್ತದೆ. ಗಾಂಝೊಗೆ ಫಿರಂಗಿಯಿಂದ ಹಾರುವುದೇ ಕಲೆ. ಇವರ ಆಸೆ ಯಾವತ್ತೂ ತೀರುವುದಿಲ್ಲ, ಅದಕ್ಕೇ ನಾಳೆಯ ಎಪಿಸೋಡಿಗೂ ಕೆಲಸ ಇರುತ್ತದೆ. ವಾಲ್ಟರ್ ಏನು ಮಾಡಿದ? ಥಿಯೇಟರ್ ಉಳಿಸಲು ನಡೆಸಿದ ಶೋದಲ್ಲಿ, ಸ್ಟೇಜ್ ಅಂದರೆ ನಡುಗುತ್ತಿದ್ದವನು ಕೊನೆಗೂ ಬೆಳಕಿನಲ್ಲಿ ಬಂದು ನಿಂತು ಸಿಳ್ಳೆ ಹಾಕಿದ. (ನಿಜವಾದ ಸಿಳ್ಳೆ ಆಂಡ್ರೂ ಬರ್ಡ್ ಅನ್ನುವ ಸಂಗೀತಗಾರರದ್ದು. ಹುಡುಕಿ ಕೇಳಿ.) ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಆದರೆ ಗೆದ್ದ ಐಟಂ ಅನ್ನು ಮತ್ತೆ ಮತ್ತೆ ಮಾಡಿಸಿದರೆ ಬೇಜಾರು. ಸೋಲುವ ಐಟಂ ಆದರೆ ದಿನಾ ಮಾಡಿಸಬಹುದು. ಫಾಝಿ ಇಷ್ಟು ವರ್ಷ ಬಾಳಿದ್ದೇ ಹಾಗೆ.

ಹೊಸಬರು ಉಳಿಯೋದೇ ಇಲ್ಲ ಅಂತಲ್ಲ. 1996ರ ‘ಮಪೆಟ್ಸ್ ಟುನೈಟ್’ನಲ್ಲಿ ಪೆಪೆ ಬಂದ. ನಾಲ್ಕು ಕೈಯ ಸಿಗಡಿ. ಜೊತೆಗೆ ಸೀಮೋರ್ ಅಂತ ಒಂದು ಆನೆ. ಇಬ್ಬರೂ ಸೇರಿ ಲಿಫ್ಟ್ ನಡೆಸುತ್ತಿದ್ದರು. ಒಂದೇ ಲಿಫ್ಟಿನಲ್ಲಿ ಆನೆ ಮತ್ತು ಸಿಗಡಿ ಅಂದರೇನೇ ನಗು ಬರುತ್ತೆ ಅಲ್ವಾ? ಆದರೆ ಆನೆ ಹೋಯಿತು, ಸಿಗಡಿ ಉಳಿಯಿತು. ಯಾಕೆಂದರೆ ಪೆಪೆಗೆ ಸುಮ್ನೆ ಇರೋಕೆ ಬರಲ್ಲ. ಯಾವಾಗಲೂ ದುಡ್ಡಿನ ಲೆಕ್ಕಾಚಾರ, ಯಾವುದೋ ಹೆಣ್ಣಿನ ಹಿಂದೆ ಬೀಳುವುದು, ಪ್ರತಿ ಮಾತಿನ ಕೊನೆಗೆ ಒಂದು ‘ಓಕೆ’. ಶ್ರಿಂಪ್ ಅಂದರೆ ಸಿಟ್ಟು, ಕಿಂಗ್ ಪ್ರಾನ್ ಅನ್ನಬೇಕು. ಅವನನ್ನು ಯಾರ ಪಕ್ಕ ನಿಲ್ಲಿಸಿದರೂ ಏನೋ ಒಂದು ಎಡವಟ್ಟು ಹುಟ್ಟುತ್ತದೆ. 2021ರ ‘ಮಪೆಟ್ಸ್ ಹಾಂಟೆಡ್ ಮ್ಯಾನ್ಶನ್’ನಲ್ಲಿ ಗಾಂಝೊ ಜೊತೆ ಅವನೇ ನಾಯಕ.

ಸ್ಕೂಟರ್ ಕೂಡ ಮೊದಲು ಹೊಸಬನೇ, ಶೋ ಶುರುವಾದಮೇಲೆ ಕೆಲಸ ಕೇಳಿಕೊಂಡು ಬಂದವನು. ಥಿಯೇಟರ್ ಅವನ ಮಾವನದ್ದು, ಕರ್ಮಿಟ್ ಬೇಡ ಅನ್ನುವ ಹಾಗಿಲ್ಲ. ಹೀಗೆ ಶಿಫಾರಸಿನಿಂದ ಒಳಗೆ ಬಂದ ಹುಡುಗನಿಗೆ ಒಂದು ನಿತ್ಯದ ಕೆಲಸ ಸಿಕ್ಕಿತು. ಅತಿಥಿಯ ಕೋಣೆಯ ಬಾಗಿಲು ಬಡಿದು, ತಲೆ ಹಾಕಿ, ‘ಪರದೆ ಏಳಲು ಹದಿನೈದು ಸೆಕೆಂಡು’ ಅನ್ನುವುದು. ಅಷ್ಟೇ. ಆ ಬಾಗಿಲು ಇರುವ ತನಕ ಸ್ಕೂಟರ್ ಬೇಕೇ ಬೇಕು.

ವಾಲ್ಟರ್‌ಗೆ ಅಂಥ ಬಾಗಿಲು ಯಾವುದು? 2014ರ ಸಿನಿಮಾದಲ್ಲಿ ಕೈಗೆ ಬಂದ ಅವಕಾಶ ತಪ್ಪಿತು ಅಂತ ನನ್ನ ಅಭಿಪ್ರಾಯ. ಕರ್ಮಿಟ್‌ನನ್ನು ಸೈಬೀರಿಯಾದ ಜೈಲಿಗೆ ತಳ್ಳಿ, ಅವನ ಜಾಗದಲ್ಲಿ ಕಾನ್‌ಸ್ಟಂಟೀನ್ ಅನ್ನುವ ಕಳ್ಳ ಕಪ್ಪೆ ಬಂದು ಕೂರುತ್ತದೆ. ಇದು ನಕಲಿ ಅಂತ ಮೊದಲು ಹಿಡಿಯಬೇಕಾದವನು ಯಾರು? ಕರ್ಮಿಟ್‌ನ ಒಂದೊಂದು ಎಪಿಸೋಡೂ ಬಾಯಿಪಾಠ ಇರುವ ವಾಲ್ಟರ್ ತಾನೇ? ಆದರೆ ಮೊದಲು ವಾಸನೆ ಹಿಡಿದದ್ದು ಡ್ರಮ್ ಬಾರಿಸುವ ಆನಿಮಲ್. ವಾಲ್ಟರ್ ಆಮೇಲೆ ಫಾಝಿ, ಆನಿಮಲ್ ಜೊತೆ ಕರ್ಮಿಟ್‌ನ ಬಿಡಿಸಲು ಹೋಗುತ್ತಾನೆ, ನಿಜ. ಆ ಕೆಲಸಕ್ಕೆ ಯಾರು ಹೋಗಿದ್ದರೂ ನಡೆಯುತ್ತಿತ್ತು.

ತಂಡದಲ್ಲಿ ಅಭಿಮಾನಿ ಅಂತ ಇರೋದು ಅವನೊಬ್ಬನೇ. ಅದನ್ನೇ ಬಂಡವಾಳ ಮಾಡಿಕೊಳ್ಳಬೇಕು. ಅಭಿಮಾನಿ ಅಂದರೆ ಬರೀ ಒಳ್ಳೆಯವನಲ್ಲ, ಸಖತ್ ತಲೆನೋವು ಕೂಡ. ಫಾಝಿ ಜೋಕು ಶುರು ಮಾಡಿದರೆ, ಕೊನೆಯ ಸಾಲು ಬರುವ ಮೊದಲೇ ವಾಲ್ಟರ್ ನಕ್ಕುಬಿಡಬೇಕು, ಅವನಿಗೆ ಮೊದಲೇ ಗೊತ್ತಲ್ಲ. ಫಾಝಿಯ ಜೋಕಿಗೆ ನಗುವವನು ಜಗತ್ತಿನಲ್ಲಿ ಒಬ್ಬನೇ, ಅವನೇ ಜೋಕು ಕೆಡಿಸುವವನು. ಕರ್ಮಿಟ್ ಸುಸ್ತಾಗಿ ಕೂತಿದ್ದಾಗ ‘ಆಗ ನೀವು ಹೀಗೆ ಮಾಡಿದ್ರಲ್ಲ ಸರ್’ ಅಂತ ಹಳೇ ಶೋ ನೆನಪಿಸಬೇಕು. ಪಿಗ್ಗಿಯ ಮುಂದೆ ವರ್ಷದ ಲೆಕ್ಕ ತೆಗೆದನೋ, ಕರಾಟೆ ಏಟು ಗ್ಯಾರಂಟಿ.

ಕೂರುವ ಜಾಗ? ನನ್ನ ಕೇಳಿದರೆ ಬಾಲ್ಕನಿ. ಅಲ್ಲಿ ಸ್ಟಾಟ್ಲರ್, ವಾಲ್ಡಾರ್ಫ್ ಅಂತ ಇಬ್ಬರು ಮುದುಕರು ಶುರುವಿನಿಂದಲೂ ಕೂತಿದ್ದಾರೆ. ಶೋ ಚೆನ್ನಾಗಿಲ್ಲ ಅಂತ ಬೈಯುವುದೇ ಅವರ ಕೆಲಸ, ಆದರೂ ಒಂದು ಶೋ ತಪ್ಪಿಸಲ್ಲ. ಅವರಿಬ್ಬರ ನಡುವೆ ಎಲ್ಲದಕ್ಕೂ ಕುಣಿದಾಡುವ ವಾಲ್ಟರ್‌ನ ಕೂರಿಸಿ. ಅವರು ಬೈದಾಗ ಇವನು ವಾದಕ್ಕೆ ಇಳಿಯಬೇಕು. ಒಂದೊಂದು ದಿನ ಐಟಂ ನಿಜಕ್ಕೂ ಕೆಟ್ಟದಾಗಿದ್ದಾಗ, ಸಮರ್ಥಿಸೋಕೆ ಬಾಯಿ ತೆಗೆದು ಏನೂ ತೋಚದೆ ಇವನು ಒದ್ದಾಡಬೇಕು. ಮುದುಕರಿಗೆ ಅದಕ್ಕಿಂತ ಖುಷಿ ಇನ್ನೇನು?

ಒಂದು ತೊಡಕು ಇದೆ. ವಾಲ್ಟರ್‌ನನ್ನು ಆಡಿಸುವ ಪೀಟರ್ ಲಿನ್ಜ್ ಅವರೇ ಈಚಿನ ವರ್ಷಗಳಲ್ಲಿ ಸ್ಟಾಟ್ಲರ್‌ನನ್ನೂ ಆಡಿಸುತ್ತಿದ್ದಾರೆ. ಇಬ್ಬರೂ ಒಂದೇ ಬಾಲ್ಕನಿಯಲ್ಲಿ ಜಗಳ ಆಡಬೇಕು ಅಂದರೆ ಅವರಿಗೆ ಕಷ್ಟ. ಆದರೆ ಇದು ಹೊಸ ಕಷ್ಟವೇನಲ್ಲ. ಫ್ರಾಂಕ್ ಆಝ್ ಒಬ್ಬರೇ ಪಿಗ್ಗಿ, ಫಾಝಿ, ಆನಿಮಲ್ ಮೂವರಿಗೂ ಜೀವ ಕೊಟ್ಟವರು. ಅಂಥ ಕಡೆ ಒಂದು ಗೊಂಬೆಯನ್ನು ಬೇರೆಯವರು ಹಿಡಿಯುತ್ತಾರೆ, ದನಿ ಆಮೇಲೆ ಸೇರಿಸಿದರಾಯಿತು. ಬಾಲ್ಕನಿ ಸ್ವಲ್ಪ ಇಕ್ಕಟ್ಟು ಅನ್ನೋದೊಂದೇ ಚಿಂತೆ.