ನೀರಿನ ಗಂಟೆ ನೋಡಿ ಬೋಟ್ ಹತ್ತಿ

ಓದುಗರ ಪ್ರಶ್ನೆ, ಗೋವಾದಿಂದ ಉತ್ತರ

ಪ್ರಶ್ನೆ: ಮದುವೆಯಾಗಿ ವಾಸ್ಕೊಗೆ ಬಂದು ಆರು ವರ್ಷ ಆಯಿತು. ತವರು ಗದಗದ ಹತ್ತಿರ. ಈ ಡಿಸೆಂಬರ್‌ಗೆ ಅಪ್ಪ ಅಮ್ಮನ ಮದುವೆಗೆ ನಲವತ್ತು ವರ್ಷ ತುಂಬುತ್ತದೆ. ಅಪ್ಪ ಸಮುದ್ರವನ್ನು ದಡದಲ್ಲಿ ನಿಂತು ನೋಡಿದ್ದಾರೆ, ನೀರಿನ ಮೇಲೆ ಯಾವತ್ತೂ ಹೋಗಿಲ್ಲ. ಇಬ್ಬರನ್ನೂ ಸೂರ್ಯ ಮುಳುಗುವ ಹೊತ್ತಿಗೆ ಬೋಟಿನಲ್ಲಿ ಕರೆದುಕೊಂಡು ಹೋಗಬೇಕು ಅಂತ ಆಸೆ. ಹಾಡು, ಕುಣಿತ ಇರುವ ದೊಡ್ಡ ಕ್ರೂಸ್ ಅವರಿಗೆ ಹಿಡಿಸುವುದಿಲ್ಲ. ನಮಗಷ್ಟೇ ಒಂದು ಸಣ್ಣ ಬೋಟ್ ಬಾಡಿಗೆಗೆ ಹಿಡಿಯೋಣ ಅಂತಿದ್ದೇವೆ. ಮೂರು ವರ್ಷದ ಮಗನೂ ಸೇರಿ ಐದು ಜನ. ಎಲ್ಲಿಂದ ಹೊರಟರೆ ಒಳ್ಳೆಯದು? ಏನೇನು ಕೇಳಿಕೊಳ್ಳಬೇಕು? ಅಮ್ಮನಿಗೆ ಮೊಣಕಾಲು ನೋವಿದೆ.
— ಹೆಸರು ಬೇಡ ಎಂದವರು, ವಾಸ್ಕೊ

ಉತ್ತರ: ತಂಗಿ, ಅಮ್ಮನ ಮೊಣಕಾಲಿನ ಮಾತನ್ನು ಪತ್ರದ ಕೊನೆಗೆ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಬೋಟಿನಲ್ಲಿ ಕೂತ ಮೇಲೆ ಮೊಣಕಾಲಿಗೆ ಏನೂ ಕೆಲಸ ಇಲ್ಲ. ಹತ್ತುವಾಗ, ಇಳಿಯುವಾಗಲೇ ಕಷ್ಟ. ಆ ಎರಡು ನಿಮಿಷ ಸುಲಭ ಆಗುತ್ತದೋ ಇಲ್ಲವೋ ಅನ್ನುವುದು ನೀವು ಆರಿಸುವ ದಿನದ ಮೇಲೆ ನಿಂತಿದೆ.

ಇಲ್ಲಿ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ, ಸುಮಾರು ಎರಡು ಮೀಟರ್ ತನಕ ಹೋಗುತ್ತದೆ. ಅಂದರೆ ನೀರು ತುಂಬಿದಾಗ ಜೆಟ್ಟಿಯ ಮಟ್ಟಕ್ಕೇ ನಿಂತ ಬೋಟು, ನೀರು ಇಳಿದಾಗ ಆಳೆತ್ತರ ಕೆಳಗೆ ಇರುತ್ತದೆ. ಪಾಚಿ ಹಿಡಿದ ಮೆಟ್ಟಿಲಲ್ಲಿ ಬಗ್ಗಿ, ಒಂದು ಕಾಲನ್ನು ಅಲ್ಲಾಡುವ ಬೋಟಿಗೆ ಇಡಬೇಕು. ಗಟ್ಟಿ ಕಾಲಿನವರೂ ಆಗ ತಡವರಿಸುತ್ತಾರೆ. ಈ ಏರಿಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಈ ಭಾನುವಾರ ಸಂಜೆ ನೀರು ತುಂಬಿದ್ದರೆ, ಮುಂದಿನ ಭಾನುವಾರ ಅದೇ ಹೊತ್ತಿಗೆ ಇಳಿದಿರುತ್ತದೆ. ಮರ್ಮಗೋವಾ ಬಂದರಿನ ಏರಿಳಿತದ ಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ. ಸಂಜೆ 5ರಿಂದ 7ರೊಳಗೆ ನೀರು ತುಂಬುವ ದಿನ ಯಾವುದು ನೋಡಿ. ಮದುವೆಯ ದಿನವೇ ಆಗಬೇಕು ಅಂತ ಹಟ ಬೇಡ, ಮೂರು ದಿನ ಆಚೀಚೆ ಆದರೂ ಅವರಿಗೆ ಸಂತೋಷವೇ ಅಲ್ವಾ.

ನೀರು ಏರುವ ಹೊತ್ತನ್ನೇ ಹಿಡಿಯಿರಿ ಎನ್ನಲು ಇನ್ನೊಂದು ಕಾರಣ ಇದೆ. ಹೊಳೆ ಸಮುದ್ರ ಸೇರುವ ಬಾಯಿಗೆ ನಮ್ಮ ಅಂಕೋಲಾ ಕಡೆ ಅಳಿವೆ ಅನ್ನುತ್ತೇವೆ. ಇಳಿತದಲ್ಲಿ ಹೊಳೆಯ ನೀರು ಹೊರಗೆ ಓಡುತ್ತದೆ, ಸಮುದ್ರದ ಅಲೆ ಮತ್ತು ಗಾಳಿ ಒಳಗೆ ತಳ್ಳುತ್ತವೆ. ಎರಡೂ ಅಳಿವೆಯಲ್ಲಿ ಎದುರಾದರೆ ಅಲೆ ಕಡಿದಾಗಿ ಏಳುತ್ತದೆ, ಬೋಟು ಕುಕ್ಕುತ್ತದೆ. ಅದೇ ಜಾಗ ಭರತದ, ಅಂದರೆ ನೀರು ಏರುವ ಹೊತ್ತಿಗೆ ಕೆರೆಯ ಹಾಗೆ ಇರುತ್ತದೆ.

ನಾನು ಇಪ್ಪತ್ತೇಳು ವರ್ಷದಿಂದ ಮಾಂಡವಿ ಹೊಳೆಯ ದಂಡೆಯಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುತ್ತಿದ್ದೇನೆ. ಇಷ್ಟು ಗೊತ್ತಿದ್ದೂ ಒಮ್ಮೆ ಎಡವಿದ್ದೇನೆ. ನನ್ನ ಅತ್ತೆ, ಮಾವ ಹಾವೇರಿಯಿಂದ ಬಂದಿದ್ದರು. ಪರಿಚಯದವರ ಬೋಟು, ಸೂರ್ಯಾಸ್ತ ನೋಡಿಸಿ ವಾಪಸ್ ಬರುವುದಷ್ಟೇ ಅಂತ ನೀರಿನ ಪಟ್ಟಿ ನೋಡದೆ ಹೊರಟೆ. ಹೋಗುವಾಗ ಎಲ್ಲಾ ಚೆನ್ನಾಗಿತ್ತು. ವಾಪಸ್ ತಿರುಗಿದಾಗ ಕತ್ತಲು, ಇಳಿತ ಬೇರೆ. ನಡು ಹೊಳೆಯಲ್ಲಿ ಎಂಜಿನ್ ಕೂಗಿಕೊಂಡು ನಿಂತಿತು. ಕೆಳಗೆ ನೀರು ಎಳೆದುಕೊಳ್ಳುವ ಸೀಳಿಗೆ ಹಾಲಿನ ಪ್ಯಾಕೆಟ್ಟಿನ ಕವರ್ ಅಂಟಿಕೊಂಡಿತ್ತು. ಮೊಬೈಲ್ ಬೆಳಕಿನಲ್ಲಿ ಎಂಜಿನ್ ಎತ್ತಿ, ಬಗ್ಗಿ, ಕವರ್ ಕಿತ್ತು, ಅದು ತಣ್ಣಗಾಗುವ ತನಕ ಕಾಯಬೇಕಾಯಿತು. ಬೋಟು ಅಷ್ಟರಲ್ಲಿ ಹೊರಗಡೆಗೆ ತೇಲುತ್ತಲೇ ಇತ್ತು. ಲೈಫ್ ಜಾಕೆಟ್‌ಗಳು ಮುಂದಿನ ಹಲಗೆ ಕೆಳಗೆ ಹಗ್ಗದಲ್ಲಿ ಕಟ್ಟಿದ ಹಾಗೇ ಇದ್ದವು. ಅತ್ತೆ ಒಂದು ಮಾತೂ ಆಡಲಿಲ್ಲ. ನನ್ನ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದರು. ಜೆಟ್ಟಿಗೆ ಬಂದ ಮೇಲೂ ಆ ಮುಷ್ಟಿ ಬಿಡಿಸಲು ಹೊತ್ತು ಹಿಡಿಯಿತು. ಆವತ್ತಿನಿಂದ ಯಾರು ಕೇಳಿದರೂ ಮೊದಲು ವಾಪಸ್ ಬರುವುದರ ಲೆಕ್ಕ ಹಾಕಿ, ಆಮೇಲೆ ಹೋಗುವುದರದ್ದು ಅನ್ನುತ್ತೇನೆ.

ಈಗ ಜಾಗ. ನಿಮಗೆ ಜುವಾರಿ ಹೊಳೆ ಹತ್ತಿರ. ಆದರೆ ಅಲ್ಲಿ ಬಂದರಿನ ಹಡಗು, ಬಾರ್ಜ್‌ಗಳ ಓಡಾಟ ಇದೆ, ಅಳಿವೆಯೂ ಅಗಲ. ಮೊದಲ ಸಲ ನೀರಿಗೆ ಇಳಿಯುವ ಹಿರಿಯರಿಗೆ ನಾನು ಮಾಂಡವಿಯನ್ನೇ ಹೇಳುತ್ತೇನೆ. ಪಣಜಿಯಿಂದ ಹೊರಟು ಪಶ್ಚಿಮಕ್ಕೆ ಹೊಳೆಯ ಜೊತೆ ಇಳಿದು, ರೈಸ್ ಮಾಗೂಸ್ ಕೋಟೆ ದಾಟಿ, ಅಳಿವೆಯ ಒಳಗೇ ನಿಂತು ಸೂರ್ಯನನ್ನು ನೋಡಿ ಬನ್ನಿ. ಆಗ್ವಾದ ಕೋಟೆಯ ಮೂಲೆ ದಾಟುವುದು ಬೇಡ ಅಂತ ಬೋಟಿನವರಿಗೆ ಮೊದಲೇ ಹೇಳಿ. ಆ ಮೂಲೆಯಾಚೆ ತೆರೆದ ಸಮುದ್ರ. ಅಲ್ಲಿ ಅಲೆಗಿಂತಲೂ ನಿಧಾನಕ್ಕೆ ಏಳಿಸಿ ಕೂರಿಸುವ ತೂಗಾಟ ಜಾಸ್ತಿ, ಹೊಟ್ಟೆ ತೊಳಸುವುದು ಅದರಿಂದಲೇ.

ನೀವು ಡಿಸೆಂಬರ್ ಹೇಳಿದ್ದು ಬಹಳ ಒಳ್ಳೆಯದಾಯಿತು. ಚಳಿಗಾಲದಲ್ಲಿ ಸೂರ್ಯ ನೈಋತ್ಯಕ್ಕೆ ಸರಿದಿರುತ್ತಾನೆ. ರೈಸ್ ಮಾಗೂಸ್ ಎದುರು ನಿಂತರೆ ಆಗ್ವಾದ ಗುಡ್ಡಕ್ಕೂ ರಾಜಭವನ ಇರುವ ಕಾಬೊ ಗುಡ್ಡಕ್ಕೂ ನಡುವಿನ ತೆರವಿನಲ್ಲಿ ನೇರ ನೀರಿಗೇ ಇಳಿಯುತ್ತಾನೆ. ಏಪ್ರಿಲ್, ಮೇ ಹೊತ್ತಿಗೆ ಬಂದಿದ್ದರೆ ಆಗ್ವಾದ ಗುಡ್ಡದ ಹಿಂದೆ ಅಡಗುತ್ತಿದ್ದ. ಡಿಸೆಂಬರ್ ಶುರುವಿನಲ್ಲಿ 6 ಗಂಟೆ ಸುಮಾರಿಗೆ ಮುಳುಗುತ್ತಾನೆ, ತಿಂಗಳ ಕೊನೆಗೆ ಹತ್ತು ನಿಮಿಷ ತಡ. 4:45ಕ್ಕೆ ಹೊರಡಿ. ಮುಳುಗಿದ ಮೇಲೆ ನಮ್ಮ ಕಡೆ ಬೆಳಕು ಇಪ್ಪತ್ತು ನಿಮಿಷದ ಮೇಲೆ ನಿಲ್ಲುವುದಿಲ್ಲ. ಹತ್ತು ನಿಮಿಷ ಬಣ್ಣ ನೋಡಿ, ತಿರುಗಿಸಿ ಅನ್ನಿ. ಪಣಜಿ ಹತ್ತಿರ ಕ್ಯಾಸಿನೊ ಹಡಗು, ಕ್ರೂಸ್‌ಗಳ ಸಂದಣಿ ಇರುತ್ತದೆ. ನಿಮ್ಮ ಬೋಟಿಗೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ದೀಪ ಉರಿಯುತ್ತಿರಲೇಬೇಕು. ಹೊರಡುವಾಗಲೇ ಒಮ್ಮೆ ಹಾಕಿಸಿ ನೋಡಿ.

ಹೋಗುವಾಗ ಅಪ್ಪನನ್ನು ಎಡಗಡೆ ಕೂರಿಸಿ. ಪಣಜಿಯ ದಂಡೆಯಲ್ಲಿ ಬಿಳಿ ಗೋಡೆಯ ಹಳೇ ಸೆಕ್ರೆಟೇರಿಯಟ್ ಕಟ್ಟಡ ಕಾಣುತ್ತದೆ. ಅದು ಮೊದಲು ವಿಜಯಪುರದ ಯೂಸುಫ್ ಆದಿಲ್ ಶಾಹನ ಅರಮನೆ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಅವರ ಕೈಗೆ ಹೋಯಿತು. ಬಲಗಡೆ ಗುಡ್ಡದ ಮೇಲಿನ ರೈಸ್ ಮಾಗೂಸ್ ಕೋಟೆ ಚೀರೆಕಲ್ಲಿನದು, ಸಂಜೆ ಬಿಸಿಲಿಗೆ ಇಟ್ಟಿಗೆಯ ಹಾಗೆ ಕೆಂಪಾಗುತ್ತದೆ. ಮುಂದಿನ ಆಗ್ವಾದ ಕೋಟೆ 1612ರದ್ದು. ಆಗ್ವಾ ಅಂದರೆ ಪೋರ್ಚುಗೀಸಿನಲ್ಲಿ ನೀರು. ಅಲ್ಲಿನ ಸಿಹಿನೀರಿನ ಒರತೆಯಿಂದ ಹಡಗುಗಳು ಕುಡಿಯುವ ನೀರು ತುಂಬಿಕೊಳ್ಳುತ್ತಿದ್ದವು. ಇನ್ನೊಂದು ಮಾತನ್ನು ಅಪ್ಪನಿಗೆ ತಪ್ಪದೆ ಹೇಳಿ. ಈ ಮಾಂಡವಿಯೇ ನಮ್ಮ ಮಹದಾಯಿ. ಹುಟ್ಟುವುದು ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ. ಗದಗ ಕಡೆಯವರಿಗೆ ಆ ಹೆಸರು ಹೊಸದಲ್ಲ. ನನ್ನ ಮಾವ ಇದನ್ನು ಕೇಳಿ ಅಂಗೈಯಲ್ಲಿ ನೀರು ಎತ್ತಿ ಕಣ್ಣಿಗೆ ಒತ್ತಿಕೊಂಡಿದ್ದರು.

ಬೋಟ್ ಹಿಡಿಯುವಾಗ ಬಾಡಿಗೆ ತಲೆಗೆ ಇಷ್ಟೋ, ಇಡೀ ಬೋಟಿಗೆ ಇಷ್ಟೋ ಕೇಳಿ. ಎಷ್ಟು ಹೊತ್ತು, ಎಲ್ಲಿಯ ತನಕ ಅನ್ನುವುದೂ ಬಾಯಿ ಬಿಟ್ಟು ಹೇಳಿಸಿ. ಅರ್ಧ ಹಣವನ್ನು ನೀವು ವಾಪಸ್ ಬಂದ ಮೇಲೆ ಕೊಡಿ. ಜೆಟ್ಟಿಗಳಲ್ಲಿ ಕೊಪ್ಪಳ, ಗದಗ, ಬಾಗಲಕೋಟೆಯ ಹುಡುಗರು ಕೆಲಸಕ್ಕೆ ಇರುತ್ತಾರೆ. ಕನ್ನಡದಲ್ಲೇ ಮಾತಾಡಿಸಿ, ಯಾವ ಬೋಟಿನವನು ಜೋಪಾನ ಅಂತ ಅವರು ಹೇಳುತ್ತಾರೆ. ಬೋಟಿನ ಪಕ್ಕದಲ್ಲಿ ನೋಂದಣಿ ನಂಬರ್ ಬರೆದಿರಬೇಕು. ಗೋವಾದಲ್ಲಿ ಅದನ್ನು ಕೊಡುವುದು ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆ. ನಂಬರ್ ಇಲ್ಲದ ಬೋಟು ಎಷ್ಟೇ ಅಗ್ಗ ಇದ್ದರೂ ಹತ್ತಬೇಡಿ.

ಎಂಜಿನ್ ಶುರು ಮಾಡಿದ ಕೂಡಲೇ ಹಿಂದೆ ಹೋಗಿ ಒಂದು ನೋಟ ಹಾಯಿಸಿ. ಬೋಟಿನ ಹಿಂದೆ ನೇತುಹಾಕಿದ ಎಂಜಿನ್ ಆದರೆ ಅದರ ಒಂದು ಪಕ್ಕದಿಂದ ಪೆನ್ಸಿಲ್ ದಪ್ಪದ ನೀರಿನ ಧಾರೆ ಚಿಮ್ಮುತ್ತಿರಬೇಕು. ಎಂಜಿನ್ ಒಳಗೆ ನೀರು ಓಡಾಡಿ ಅದನ್ನು ತಂಪಿಡುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಕೈ ಒಡ್ಡಿದರೆ ಉಗುರುಬೆಚ್ಚಗೆ, ಬಿಗಿಯಾಗಿ ಬಡಿಯಬೇಕು. ಧಾರೆ ತೊಟ್ಟಿಕ್ಕುತ್ತಿದ್ದರೆ, ಕಡಿದು ಕಡಿದು ಬರುತ್ತಿದ್ದರೆ ಹೊರಡಬೇಡಿ. ನಮ್ಮ ಎಂಜಿನ್ ನಿಲ್ಲುವ ಐದು ನಿಮಿಷ ಮೊದಲೇ ಆ ಧಾರೆ ನಿಂತಿತ್ತು. ಕತ್ತಲಲ್ಲಿ ನಾನು ನೋಡಲಿಲ್ಲ.

ಲೈಫ್ ಜಾಕೆಟ್ ಐದೂ ಜನ ಜೆಟ್ಟಿಯಲ್ಲೇ ಹಾಕಿಕೊಳ್ಳಿ. ಮಗನಿಗೆ ಮಕ್ಕಳ ಅಳತೆಯದೇ ಬೇಕು. ದೊಡ್ಡವರದ್ದು ಬಿಗಿದು ಕಟ್ಟಿದರೂ ನೀರಿನಲ್ಲಿ ತಲೆಯಿಂದ ಮೇಲಕ್ಕೆ ಜಾರಿ ಹೋಗುತ್ತದೆ. ಬಕಲ್ ಹಾಕಿ ಎರಡೂ ಭುಜದ ಪಟ್ಟಿ ಹಿಡಿದು ಎತ್ತಿ ನೋಡಿ. ಕಿವಿಯ ತನಕ ಬಂದರೆ ಅದು ಅವನದ್ದಲ್ಲ. ಬೋಟಿನಲ್ಲಿ ಸಣ್ಣ ಅಳತೆ ಇರುವುದು ಕಡಿಮೆ, ಮೊದಲೇ ಕೇಳಿ, ಇಲ್ಲದಿದ್ದರೆ ಒಂದು ಕೊಂಡುಬಿಡಿ. ಗೋವಾದಲ್ಲೇ ಇರುವವರು, ನಾಳೆಗೂ ಬೇಕಾಗುತ್ತದೆ.

ಅಮ್ಮನಿಗೆ ತೇಲುವ ಜೆಟ್ಟಿಯಿಂದಲೇ ಹತ್ತಿಸುತ್ತೀರಾ ಅಂತ ಕೇಳಿ. ಅದು ನೀರಿನ ಜೊತೆ ಏರಿ ಇಳಿಯುತ್ತದೆ, ಬೋಟಿಗೂ ಅದಕ್ಕೂ ಒಂದೇ ಮೆಟ್ಟಿಲಿನಷ್ಟು ಎತ್ತರ. ಇಲ್ಲದಿದ್ದರೆ ಮನೆಯಿಂದ ಗಟ್ಟಿ ಪ್ಲಾಸ್ಟಿಕ್ ಸ್ಟೂಲ್ ತನ್ನಿ, ಬೋಟಿನ ಒಳಗಿಟ್ಟು ಅದರ ಮೇಲೆ ಕಾಲಿಡಿಸಿ. ಕೂರಿಸುವುದು ಮಧ್ಯದಲ್ಲಿ ಅಥವಾ ಹಿಂದೆ. ಮುಂದಿನ ಮೂತಿಯಲ್ಲಿ ನೋಟ ಚೆಂದ, ಆದರೆ ಕುಕ್ಕುವುದೂ ಅಲ್ಲೇ. ಮಧ್ಯಾಹ್ನದ ಊಟ ಹಗುರ ಇರಲಿ, ಬರಿಹೊಟ್ಟೆಯೂ ಬೇಡ. ತಲೆ ಸುತ್ತಿದರೆ ಮೊಬೈಲ್ ಬಿಟ್ಟು ದೂರದ ದಂಡೆ ನೋಡಲಿ. ಒಂದು ಶಾಲು ಇಟ್ಟುಕೊಳ್ಳಿ, ವಾಪಸ್ ಬರುವಾಗ ಗಾಳಿ ತಣ್ಣಗೆ.

ಡಾಲ್ಫಿನ್ ತೋರಿಸಿಯೇ ತೋರಿಸುತ್ತೇವೆ ಅನ್ನುವವರಿದ್ದಾರೆ. ಕಂಡರೆ ಪುಣ್ಯ. ಹಿಂದೆ ಬಿದ್ದು ಓಡಿಸಬೇಡಿ ಅಂತ ಹೇಳಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅವಕ್ಕೆ ಹುಲಿಗಿರುವಷ್ಟೇ ರಕ್ಷಣೆ ಇದೆ. ಅದಕ್ಕಿಂತ, ಸೂರ್ಯ ನೀರು ಮುಟ್ಟುವ ಮೊದಲು ಹತ್ತು ನಿಮಿಷ ಎಂಜಿನ್ ಪೂರ್ತಿ ಬಂದ್ ಮಾಡಿಸಿ. ಇದನ್ನು ಬಾಡಿಗೆ ಮಾತಾಡುವಾಗಲೇ ಒಪ್ಪಿಸಿಕೊಳ್ಳಿ, ಲಂಗರು ಇದೆಯಾ ಅಂತಲೂ ಕೇಳಿ. ಸುಮ್ನೆ ಕೂತಾಗ ಹಲಗೆಗೆ ನೀರು ಬಡಿಯುವ ಸದ್ದು ಕೇಳುತ್ತದೆ, ಡಾಲ್ಫಿನ್ ಹತ್ತಿರ ಇದ್ದರೆ ಅದು ಉಸಿರು ಬಿಡುವ ‘ಫುಸ್’ ಕೂಡ. ನಿಮಗಷ್ಟೇ ಅಂತ ಬೋಟು ಹಿಡಿದ ದುಡ್ಡು ಆ ಹತ್ತು ನಿಮಿಷಕ್ಕೇ ಸಂದಾಯ ಆಗುತ್ತದೆ, ನನ್ನ ಲೆಕ್ಕದಲ್ಲಿ.

ಪ್ರಶ್ನೆ: ಮುಂಬೈಯ ಗೇಟ್‌ವೇಯಲ್ಲಿ ಸಣ್ಣ ಯಾಚ್ ಬಾಡಿಗೆಗೆ ಸಿಗುತ್ತದಂತೆ. ಸೂರ್ಯ ಸಮುದ್ರಕ್ಕೆ ಇಳಿಯುವುದು ಕಾಣುತ್ತದಾ?
— ಡೊಂಬಿವಲಿಯ ಓದುಗರು

ಉತ್ತರ: ಸಿಗುತ್ತದೆ, ಆದರೆ ಒಂದು ವಿಷಯ ತಿಳಿದಿರಲಿ. ಗೇಟ್‌ವೇ ಇರುವುದು ನಗರದ ಪೂರ್ವಕ್ಕೆ, ಬಂದರಿನ ಕಡೆ. ಸೂರ್ಯ ಮುಳುಗುವುದು ನಗರದ ಹಿಂದೆ. ಗೇಟ್‌ವೇ ಕಮಾನು, ತಾಜ್ ಹೋಟೆಲಿನ ಗುಮ್ಮಟ ಕಪ್ಪಾಗಿ ನಿಂತು ಹಿಂದೆ ಆಕಾಶ ಕೆಂಪಾಗುತ್ತದೆ. ಅದೂ ನೋಡುವಂಥದ್ದೇ. ನೀರಿಗೇ ಇಳಿಯುವುದು ಬೇಕಿದ್ದರೆ ಕೊಲಾಬಾ ತುದಿ ಸುತ್ತಿ ಆಚೆ ಹೋಗಬೇಕು, ಅಲ್ಲಿ ತೆರೆದ ಸಮುದ್ರ. ಅಷ್ಟಕ್ಕಾದರೆ ಮರೀನ್ ಡ್ರೈವ್ ಕಟ್ಟೆಯೇ ಸಾಕು. ಬೋಟ್ ಹತ್ತಿದರೆ ಮೊದಲ ನಿಮಿಷದಿಂದ ಕೊನೆಯ ತನಕ ಜಾಕೆಟ್ ಮೈಮೇಲಿರಲಿ. 2024ರ ಡಿಸೆಂಬರ್ 18ರಂದು ಎಲಿಫೆಂಟಾಕ್ಕೆ ಹೊರಟ ಬೋಟಿಗೆ ನೌಕಾಪಡೆಯ ಸ್ಪೀಡ್ ಬೋಟ್ ಬಡಿದದ್ದು ಇದೇ ನೀರಿನಲ್ಲಿ, ಹಾಡುಹಗಲಲ್ಲಿ.

ಪ್ರಶ್ನೆ: ಪಾಲೋಲೆಮ್‌ನಿಂದ ಬಟರ್‌ಫ್ಲೈ ಬೀಚ್‌ಗೆ ಸಂಜೆ ದೋಣಿಯಲ್ಲಿ ಹೋಗಬಹುದಾ? ಜೊತೆಗೆ ಅಜ್ಜಿ ಇದ್ದಾರೆ.
— ಮಡಗಾಂವ್‌ನ ವಿದ್ಯಾರ್ಥಿನಿ

ಉತ್ತರ: ನೀವು ಹೋಗಿ, ಗುಡ್ಡದ ಬುಡ ಹಿಡಿದು ಹೋಗುವ ಆ ದಾರಿ ಬಹಳ ಚೆಂದ. ಅಜ್ಜಿಗೆ ಬೇಡ. ಪಾಲೋಲೆಮ್‌ನಲ್ಲಿ ದೋಣಿ ಹತ್ತುವುದು ಮರಳಿನಿಂದಲೇ. ಮೊಣಕಾಲು ನೀರಿನಲ್ಲಿ ನಿಂತು, ಅಲೆ ನೋಡಿ ಕಾಲೆತ್ತಿ ಹಾಕಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಯಾರಿಗೂ ಬೇಡ. ಅಜ್ಜಿಯನ್ನು ಬೇರೊಂದು ಸಂಜೆ ಪಣಜಿ–ಬೆತಿ ಫೆರಿಯಲ್ಲಿ ಕರೆದುಕೊಂಡು ಹೋಗಿ. ಮೆಟ್ಟಿಲಿಲ್ಲ, ಇಳಿಜಾರಿನಲ್ಲಿ ನಡೆದೇ ಹತ್ತಬಹುದು, ಅದೇ ಹೊಳೆ, ಅದೇ ಸೂರ್ಯ. ಪಶ್ಚಿಮದ ಕಡೆಯ ಕಂಬಿ ಹಿಡಿದು ನಿಲ್ಲಿಸಿ. ಒಂದು ದಾಟಿಗೆ ಸಾಲದಿದ್ದರೆ ವಾಪಸ್ ಅದರಲ್ಲೇ ಬನ್ನಿ.