ಕಾಣದ ದ್ರವ್ಯದ ಲೆಕ್ಕ ಕೇಳಿದ ಓದುಗರಿಗೆ

ಮಾನ್ಯರೇ,

ವಿಶ್ವದ ದ್ರವ್ಯದಲ್ಲಿ ಶೇ 85ರಷ್ಟು ಕಪ್ಪು ದ್ರವ್ಯ (ಡಾರ್ಕ್ ಮ್ಯಾಟರ್), ಅದು ಯಾವ ದೂರದರ್ಶಕಕ್ಕೂ ಕಾಣುವುದಿಲ್ಲ ಎಂದು ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದು ನಿಮ್ಮನ್ನು ಕೆರಳಿಸಿದೆ. ಲೆಕ್ಕ ತಾಳೆಯಾಗದಿದ್ದಾಗ ಕಾಣದ ವಸ್ತುವೊಂದನ್ನು ತಂದು ಸೇರಿಸುವುದು ವಿಜ್ಞಾನವೋ ಕೈಚಳಕವೋ ಎಂದು ಕೇಳಿದ್ದೀರಿ. ಅಷ್ಟೊಂದು ಕಪ್ಪು ದ್ರವ್ಯ ಇರುವುದೇ ನಿಜವಾದರೆ ಭೂಮಿಯ ಕಕ್ಷೆ ಏಕೆ ಅಲುಗುವುದಿಲ್ಲ ಎಂಬುದು ಎರಡನೆಯ ಆಕ್ಷೇಪ. ಇಷ್ಟು ಕಾಲ ಹುಡುಕಿಯೂ ಒಂದು ಕಣ ಸಿಗದಿರುವಾಗ ಗುರುತ್ವದ ನಿಯಮವನ್ನೇ ಏಕೆ ತಿದ್ದಬಾರದು ಎಂಬುದು ಮೂರನೆಯದು. ಎರಡನೆಯದನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದಕ್ಕೊಂದಕ್ಕೆ ಖಚಿತವಾದ ಉತ್ತರವಿದೆ.

ಸೂರ್ಯನ ಆಸುಪಾಸಿನಲ್ಲಿ ಕಪ್ಪು ದ್ರವ್ಯ ಎಷ್ಟು ದಟ್ಟವಾಗಿದೆ ಎಂಬುದನ್ನು ನಕ್ಷತ್ರಗಳ ಚಲನೆಯಿಂದ ಅಂದಾಜು ಮಾಡಿದ್ದಾರೆ. ಎರಡು ಮೂರು ಘನ ಸೆಂಟಿಮೀಟರ್ ಜಾಗಕ್ಕೆ ಒಂದು ಪ್ರೋಟಾನಿನ ತೂಕದಷ್ಟು, ಅಷ್ಟೇ. ಈ ಲೆಕ್ಕದಲ್ಲಿ ಇಡೀ ಭೂಮಿಯ ಗಾತ್ರದೊಳಗೆ ಯಾವುದೇ ಕ್ಷಣದಲ್ಲಿ ಇರುವ ಕಪ್ಪು ದ್ರವ್ಯ ಒಂದು ಕಿಲೋಗ್ರಾಂ ಕೂಡ ತೂಗುವುದಿಲ್ಲ. ನೆಪ್ಚೂನಿನ ಕಕ್ಷೆಯವರೆಗೆ ಇರುವುದನ್ನೆಲ್ಲ ಒಟ್ಟು ಮಾಡಿದರೂ ಐವತ್ತು ಅರುವತ್ತು ಕಿಲೋಮೀಟರ್ ಅಗಲದ ಒಂದು ಕ್ಷುದ್ರಗ್ರಹದಷ್ಟಾದೀತು. ಸೂರ್ಯನ ಎದುರು ಅದು ಲೆಕ್ಕಕ್ಕೇ ಇಲ್ಲ. ಸಾಮಾನ್ಯ ಅನಿಲ ಡಿಕ್ಕಿ ಹೊಡೆದು ಬಿಸಿಯಾಗುತ್ತದೆ, ಬಿಸಿಯನ್ನು ಬೆಳಕಾಗಿ ಹೊರಹಾಕಿ ತಣಿಯುತ್ತದೆ, ಕುಸಿಯುತ್ತದೆ; ಹಾಗಾಗಿಯೇ ನಕ್ಷತ್ರ, ಗ್ರಹಗಳು ಗಟ್ಟಿಯಾಗಿವೆ. ಕಪ್ಪು ದ್ರವ್ಯಕ್ಕೆ ಬೆಳಕಿನ ಸಂಬಂಧವೇ ಇಲ್ಲದ್ದರಿಂದ ತಣಿಯುವ ದಾರಿಯಿಲ್ಲ. ಅದು ಗ್ಯಾಲಕ್ಸಿಯ ಸುತ್ತ ಲಕ್ಷಾಂತರ ಜ್ಯೋತಿರ್ವರ್ಷಗಳ ಉದ್ದಗಲಕ್ಕೆ ತೆಳುವಾಗಿ ಹರಡಿಕೊಂಡೇ ಇರುತ್ತದೆ. ಖಾಲಿ ಜಾಗ ಅಪಾರವಾಗಿರುವಲ್ಲಿ ಮಾತ್ರ ಅದರ ಕೈ ಮೇಲು.

ಇನ್ನು ಕೈಚಳಕದ ಆರೋಪ. ಇದು ಹಗುರವಾದ ಮಾತಲ್ಲ, ಇತಿಹಾಸ ಎರಡೂ ಕಡೆ ಸಾಕ್ಷಿ ಹೇಳುತ್ತದೆ. ಯುರೇನಸ್ ದಾರಿ ತಪ್ಪುತ್ತಿದ್ದಾಗ ಕಾಣದ ಗ್ರಹವೊಂದು ಎಳೆಯುತ್ತಿದೆ ಎಂದು ಫ್ರೆಂಚ್ ಖಗೋಳಜ್ಞ ಲೆವೆರ್ಯೇ ಲೆಕ್ಕ ಹಾಕಿದ. 1846ರಲ್ಲಿ ನೆಪ್ಚೂನ್ ಹೆಚ್ಚುಕಡಿಮೆ ಅವನು ಹೇಳಿದ ಜಾಗದಲ್ಲೇ ಸಿಕ್ಕಿತು. ಬುಧನ ಕಕ್ಷೆ ಲೆಕ್ಕಕ್ಕಿಂತ ಶತಮಾನಕ್ಕೆ 43 ಆರ್ಕ್ ಸೆಕೆಂಡಿನಷ್ಟು (ಒಂದು ಆರ್ಕ್ ಸೆಕೆಂಡ್ ಎಂದರೆ ಡಿಗ್ರಿಯ 3,600ನೆಯ ಒಂದು ಪಾಲು) ಹೆಚ್ಚಾಗಿ ತಿರುಗುವುದಕ್ಕೂ ಅದೇ ಲೆವೆರ್ಯೇ ಇನ್ನೊಂದು ಗ್ರಹವನ್ನು ಊಹಿಸಿದ. ವಲ್ಕನ್ ಎಂಬ ಹೆಸರು ಸಿಕ್ಕಿತು, ಗ್ರಹ ಸಿಗಲಿಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವವನ್ನೇ ಹೊಸದಾಗಿ ಬರೆದಾಗ ಆ ಲೆಕ್ಕ ಸರಿಹೋಯಿತು. ಹಾಗಾದರೆ ಇಂದಿನದು ನೆಪ್ಚೂನೋ ವಲ್ಕನ್ನೋ?

1933ರಲ್ಲಿ ಖಗೋಳಜ್ಞ ಫ್ರಿಟ್ಜ್ ಜ್ವಿಕಿ ಕೋಮಾ ಎಂಬ ಗುಚ್ಛದ ಗ್ಯಾಲಕ್ಸಿಗಳ ಓಟವನ್ನು ನೋಡಿ, ಕಾಣುವ ದ್ರವ್ಯದ ಸೆಳೆತ ಇವನ್ನು ಹಿಡಿದಿಡಲು ಸಾಲದು ಎಂದದ್ದು, 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗ್ಯಾಲಕ್ಸಿಯಲ್ಲಿ, ಕಾಣುವ ದ್ರವ್ಯವಷ್ಟೇ ಇದ್ದರೆ ಇಳಿಯಬೇಕಿದ್ದ ಅಂಚಿನಲ್ಲೂ ತಿರುಗುವ ವೇಗ ಇಳಿಯದಿರುವುದನ್ನು ಅಳೆದದ್ದು: ಸಾಕ್ಷ್ಯ ಇಷ್ಟೇ ಆಗಿದ್ದರೆ ನಾನೂ ನಿಮ್ಮ ಪಕ್ಷ ಸೇರುತ್ತಿದ್ದೆ. ಆದರೆ ಮುಂದೆ ಬಂದವು ಬೇರೆ ಜಾತಿಯ ಸಾಕ್ಷ್ಯಗಳು. ಬುಲೆಟ್ ಕ್ಲಸ್ಟರ್ ಎಂಬಲ್ಲಿ ಎರಡು ಗ್ಯಾಲಕ್ಸಿ ಗುಚ್ಛಗಳು ಒಂದನ್ನೊಂದು ಹಾದುಹೋಗಿವೆ. ಎರಡರ ಬಿಸಿ ಅನಿಲವೂ ಡಿಕ್ಕಿಯಾಗಿ ಹಿಂದೆ ಉಳಿದಿದೆ. ಕಾಣುವ ದ್ರವ್ಯದ ಹೆಚ್ಚಿನ ಪಾಲು ಆ ಅನಿಲವೇ. ಆದರೆ ಹಿನ್ನೆಲೆಯ ಬೆಳಕನ್ನು ಬಾಗಿಸುತ್ತಿರುವ ತೂಕ ಅನಿಲದ ಬಳಿ ಇಲ್ಲ, ಗ್ಯಾಲಕ್ಸಿಗಳ ಜೊತೆ ಮುಂದಕ್ಕೆ ಹೋಗಿಬಿಟ್ಟಿದೆ. 2006ರಲ್ಲಿ ಪ್ರಕಟವಾದ ಈ ಅಳತೆಗೆ, ನಿಯಮವನ್ನಷ್ಟೇ ತಿದ್ದುವವರು ಇವತ್ತಿಗೂ ತಡವರಿಸುತ್ತಲೇ ಉತ್ತರಿಸುತ್ತಾರೆ.

ಅದಕ್ಕಿಂತ ಬಲವಾದದ್ದು ಆದಿವಿಶ್ವದ ಬೆಳಕು. ಮಹಾಸ್ಫೋಟದ ನಂತರ ಸುಮಾರು 3,80,000 ವರ್ಷ ಬೆಳಕೂ ಅನಿಲವೂ ಅಂಟಿಕೊಂಡು, ಕುಗ್ಗುತ್ತ ಹಿಗ್ಗುತ್ತ ಇದ್ದವು. ಬೆಳಕಿನ ಒತ್ತಡಕ್ಕೆ ಜಗ್ಗದ ದ್ರವ್ಯವೊಂದು ಆಗಲೇ ಗುರುತ್ವದ ಗುಂಡಿ ತೋಡಿ ಕೂತಿದ್ದರೆ ಕುಗ್ಗುವಿಕೆ ಹೆಚ್ಚುತ್ತದೆ, ಹಿಗ್ಗುವಿಕೆ ಸೊರಗುತ್ತದೆ. ಪ್ಲಾಂಕ್ ಉಪಗ್ರಹ ಅಳೆದ ಏರಿಳಿತಗಳಲ್ಲಿ ಆ ಗುರುತು ಸ್ಪಷ್ಟವಾಗಿದೆ. ವಿಶ್ವದ ಶೇ 5 ಸಾಮಾನ್ಯ ದ್ರವ್ಯ, ಶೇ 27 ಕಪ್ಪು ದ್ರವ್ಯ ಎಂಬ ಪಾಲು (ದ್ರವ್ಯವನ್ನಷ್ಟೇ ಲೆಕ್ಕ ಹಿಡಿದರೆ ಕಪ್ಪು ದ್ರವ್ಯ ಆ ಶೇ 85ರಷ್ಟಾಗುತ್ತದೆ) ಬಂದದ್ದು ಮುಖ್ಯವಾಗಿ ಅಲ್ಲಿಂದ. ಗ್ಯಾಲಕ್ಸಿಗಳೇ ಹುಟ್ಟದ ಕಾಲದ ಬೆಳಕೂ ಗ್ಯಾಲಕ್ಸಿಗಳ ತಿರುಗಾಟವೂ ಒಂದೇ ಕೊರತೆಯತ್ತ ಬೆರಳು ತೋರಿಸುವುದನ್ನು ಕೈಚಳಕ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗೆಂದು ಎದುರು ಪಕ್ಷವನ್ನು ತಳ್ಳಿಹಾಕುವವರೂ ನನಗೆ ರುಚಿಸುವುದಿಲ್ಲ. 1983ರಲ್ಲಿ ಇಸ್ರೇಲಿನ ಭೌತವಿಜ್ಞಾನಿ ಮೊರ್ದೆಹಾಯ್ ಮಿಲ್ಗ್ರೋಮ್, ವೇಗೋತ್ಕರ್ಷ ತೀರ ಕಡಿಮೆಯಾದಲ್ಲಿ ನ್ಯೂಟನ್ನನ ನಿಯಮ ಬದಲಾಗುತ್ತದೆ ಎಂದು ಸೂಚಿಸಿದರು. ಈ ಒಂದು ತಿದ್ದುಪಡಿಯಿಂದ, ಕಾಣುವ ನಕ್ಷತ್ರ ಮತ್ತು ಅನಿಲವನ್ನಷ್ಟೇ ಇಟ್ಟುಕೊಂಡು, ನೂರಾರು ಗ್ಯಾಲಕ್ಸಿಗಳ ತಿರುಗುವಿಕೆಯನ್ನು ಆಶ್ಚರ್ಯ ಹುಟ್ಟಿಸುವಷ್ಟು ಚೆನ್ನಾಗಿ ಹೇಳಬಹುದು. ಕಾಣದ್ದೇ ಐದು ಪಾಲು ಹೆಚ್ಚಿರುವಲ್ಲಿ ಕಾಣುವ ಅಲ್ಪವೇ ಎಲ್ಲವನ್ನೂ ನಿರ್ಧರಿಸಿದಂತೆ ತೋರುವುದೇಕೆ? ಗ್ಯಾಲಕ್ಸಿಗಳು ರೂಪುಗೊಳ್ಳುವ ಬಗೆಯಿಂದಲೇ ಹಾಗಾಗುತ್ತದೆ ಎನ್ನುತ್ತಾರೆ. ಆ ಸಮಜಾಯಿಷಿ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೆ ಗ್ಯಾಲಕ್ಸಿ ಗುಚ್ಛಗಳಿಗೆ ಬಂದರೆ ಮಿಲ್ಗ್ರೋಮರ ನಿಯಮಕ್ಕೂ ಕಾಣುವುದರ ಸುಮಾರು ಎರಡು ಪಟ್ಟು ದ್ರವ್ಯ ಬೇಕಾಗುತ್ತದೆ. ಆದಿವಿಶ್ವದ ಬೆಳಕಿಗೂ ಹೊಂದುವಂತೆ ಈ ನಿಯಮವನ್ನು 2021ರಲ್ಲಿ ಸ್ಕಾರ್ಡಿಸ್ ಮತ್ತು ಝ್ಲೋಸ್ನಿಕ್ ವಿಸ್ತರಿಸಿದಾಗ ಕಾಂತಕ್ಷೇತ್ರದಂತೆ ಜಾಗವನ್ನೆಲ್ಲ ತುಂಬುವ ಹೊಸ ಕ್ಷೇತ್ರಗಳನ್ನು (ಫೀಲ್ಡ್) ಸೇರಿಸಬೇಕಾಯಿತು, ಅವು ಆ ಕಾಲದಲ್ಲಿ ಕಪ್ಪು ದ್ರವ್ಯದ ಹಾಗೆಯೇ ವರ್ತಿಸುತ್ತವೆ! ಮುಂಬಾಗಿಲಿನಿಂದ ಕಳಿಸಿದ ಅತಿಥಿ ಹಿತ್ತಲಿನಿಂದ ಒಳಬಂದ ಹಾಗೆ.

ಕಣ ಸಿಕ್ಕಿಲ್ಲ ಎಂಬ ನಿಮ್ಮ ಮಾತಂತೂ ನಿಜ. ಅಮೆರಿಕದ ದಕ್ಷಿಣ ಡಕೋಟಾದಲ್ಲಿ, ಹಳೆಯ ಚಿನ್ನದ ಗಣಿಯೊಂದರಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ, ಲಕ್ಸ್-ಜೆಪ್ಲಿನ್ ಪ್ರಯೋಗದ ಹತ್ತು ಟನ್ ದ್ರವ ಜೆನಾನ್ ಮೈನಸ್ ನೂರು ಡಿಗ್ರಿಯ ಆಸುಪಾಸಿನ ಚಳಿಯಲ್ಲಿ ಕಾಯುತ್ತಿದೆ. ಹಾದುಹೋಗುವ ಕಣ ಜೆನಾನ್ ಪರಮಾಣುವಿನ ಬೀಜಕ್ಕೆ ತಾಕಿದರೆ ಒಂದು ಮಿಣುಕು ಬರುತ್ತದೆ. ಅಲ್ಲಿ ಕಿತ್ತ ಎಲೆಕ್ಟ್ರಾನುಗಳು ಮೇಲಕ್ಕೇರಿ ಅನಿಲದಲ್ಲಿ ಎರಡನೆಯ ಮಿಣುಕು ಕೊಡುತ್ತವೆ. ಎರಡರ ನಡುವಿನ ಅಂತರದಿಂದ ತಾಕಿದ ಆಳ ತಿಳಿಯುತ್ತದೆ. ಇಟಲಿಯಲ್ಲೂ ಚೀನಾದಲ್ಲೂ ಇಂಥವೇ ತೊಟ್ಟಿಗಳಿವೆ. ಕಪ್ಪು ದ್ರವ್ಯ ಇದರಿಂದಲೇ ಆಗಿರಬಹುದೆಂದು ಊಹಿಸಿರುವ, ವಿಂಪ್ ಎನ್ನುವ ಭಾರದ ಕಣ ಯಾವುದರಲ್ಲೂ ಸಿಕ್ಕಿಲ್ಲ. ಇಟಲಿಯ ಡಾಮಾ ಪ್ರಯೋಗ ಮಾತ್ರ ಕಪ್ಪು ದ್ರವ್ಯದ, ವರ್ಷಕ್ಕೊಮ್ಮೆ ಏರಿಳಿಯುವ ಸಂಕೇತ ಕಂಡಿದ್ದೇನೆ ಎಂದು ಎರಡು ದಶಕಕ್ಕೂ ಮೀರಿ ಹೇಳುತ್ತ ಬಂದಿತು; ಅದೇ ಬಗೆಯ ಹರಳುಗಳಿಂದ ಸ್ಪೇನ್ ಮತ್ತು ಕೊರಿಯಾದವರು ಪರೀಕ್ಷಿಸಿದಾಗ ಅದು ಕಾಣಲಿಲ್ಲ. 2024ರಲ್ಲಿ ಈ ಜೆನಾನ್ ತೊಟ್ಟಿಗಳಿಗೆ, ಎಲ್ಲವನ್ನೂ ತೂರಿಹೋಗುವ ಸೂರ್ಯನ ನ್ಯೂಟ್ರಿನೊ ಕಣಗಳ ತಾಕುವಿಕೆಯ ಸುಳಿವು ಸಿಗತೊಡಗಿತು. ಅಂದರೆ ಇನ್ನು ಮೇಲೆ ವಿಂಪ್ ಬಂದರೂ ನ್ಯೂಟ್ರಿನೊಗಳ ಗದ್ದಲದಲ್ಲಿ ಅದನ್ನು ಗುರುತಿಸುವುದು ಕಷ್ಟ.

ಪಣ ಕಟ್ಟಬೇಕೆಂದರೆ ನಾನು ಕಪ್ಪು ದ್ರವ್ಯದ ಮೇಲೆ ಕಟ್ಟುತ್ತೇನೆ, ವಿಂಪ್ ಮೇಲೆ ಕಟ್ಟುವುದಿಲ್ಲ. ಆಕ್ಸಿಯಾನ್ ಎಂಬ ಇನ್ನೊಂದು ಊಹೆಯ ಕಣ ಇನ್ನೂ ಸ್ಪರ್ಧೆಯಲ್ಲಿದೆ. ಪರಮಾಣು ಬೀಜದೊಳಗಿನ ಬೇರೊಂದು ಒಗಟಿಗಾಗಿ ಹುಟ್ಟಿದ ಊಹೆ ಅದು, ಎಲೆಕ್ಟ್ರಾನಿಗಿಂತ ಕೋಟ್ಯಂತರ ಪಟ್ಟು ಹಗುರ. ಬಲವಾದ ಕಾಂತಕ್ಷೇತ್ರದಲ್ಲಿ ಅದು ಮೈಕ್ರೋವೇವ್ ಆಗಿ ಮಾರ್ಪಡಬೇಕು, ಆದರೆ ಯಾವ ಕಂಪನಾಂಕದಲ್ಲಿ ಎಂದು ಯಾರಿಗೂ ಗೊತ್ತಿಲ್ಲದ್ದರಿಂದ ರೇಡಿಯೊದ ತಿರುಪನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹುಡುಕಬೇಕು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿರುವ ಎಡಿಎಂಎಕ್ಸ್ ಪ್ರಯೋಗ ಆ ಕೆಲಸ ಮಾಡುತ್ತಿದೆ; ಸಾಧ್ಯವಿರುವ ಶ್ರೇಣಿಯಲ್ಲಿ ಇನ್ನೂ ಮುಟ್ಟದ ಭಾಗವೇ ಬಹಳ.

ಪತ್ರದ ಕೊನೆಯಲ್ಲಿ, ವಿಶ್ವದ ಹಿಗ್ಗುವಿಕೆಯ ವೇಗ ಹೆಚ್ಚಿಸುತ್ತಿದೆ ಎನ್ನಲಾಗುವ ಡಾರ್ಕ್ ಎನರ್ಜಿಯನ್ನೂ ಇದೇ ತಕ್ಕಡಿಗೆ ಹಾಕಿದ್ದೀರಿ. ಅದು ಬೇರೆಯೇ ತಕರಾರು, ಅಲ್ಲಿ ನಿಮ್ಮ ಸಂಶಯಕ್ಕೆ ಇನ್ನೂ ಹೆಚ್ಚು ಜಾಗವಿದೆ. ಮುಂದಿನ ಸಂಚಿಕೆಯಲ್ಲಿ ಎತ್ತಿಕೊಳ್ಳೋಣ.

— ಸಂಪಾದಕ