ಕೊಬ್ಬು ಹೊರುವ ಸಂದೇಶ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಲಬುರಗಿ, ಬೀದರ ಮತ್ತು ಯಾದಗಿರಿ ಜಿಲ್ಲೆಗಳ ಓದುಗರು ಕೊಬ್ಬು ಮತ್ತು ಕಾಯಿಲೆಗಳ ಸಂಬಂಧದ ಬಗ್ಗೆ ಬರೆದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಉತ್ತರಿಸಿದವರು ಕಲಬುರಗಿಯಲ್ಲಿ ಜೀವರಸಾಯನಶಾಸ್ತ್ರ ಬೋಧಿಸುವ ಅಧ್ಯಾಪಕರು.

ಪ್ರಶ್ನೆ: ನನ್ನ ಮೊಮ್ಮಗಳು ಬೆಂಗಳೂರಿನಲ್ಲಿ ಸಂಶೋಧನೆಗೆ ಸೇರಿದ್ದಾಳೆ. ವಿಷಯ ಯಾವುದವ್ವಾ ಎಂದರೆ ‘ಲಿಪಿಡ್ ಸಿಗ್ನಲಿಂಗ್’ ಎನ್ನುತ್ತಾಳೆ. ಕೊಬ್ಬೆಂದರೆ ಹೊಟ್ಟೆಗೆ ಬರುವುದು, ರಕ್ತದಲ್ಲಿ ಕೂಡುವುದು ಎಂದಷ್ಟೇ ಬಲ್ಲ ನಮ್ಮಂಥವರಿಗೆ ಇದನ್ನು ತಿಳಿಸಿಕೊಡುವಿರಾ?
– ನಿವೃತ್ತ ಶಿಕ್ಷಕರು, ಆಳಂದ

ಉತ್ತರ: ಲಿಪಿಡ್ ಎಂದರೆ ಕೊಬ್ಬು; ಕೊಬ್ಬಿನ ಅಣುಗಳು ಜೀವಕೋಶಕ್ಕೆ ಸಂದೇಶ ಸಾಗಿಸುವುದೇ ಲಿಪಿಡ್ ಸಿಗ್ನಲಿಂಗ್. ನಮ್ಮ ಪ್ರತಿಯೊಂದು ಜೀವಕೋಶದ ಸುತ್ತ ಕೊಬ್ಬಿನ ಅಣುಗಳಿಂದಾದ ತೆಳುವಾದ ಪೊರೆಯಿದೆ. ಹೊಲದ ಬೇಲಿಯಂತೆ ಒಳಗನ್ನು ಹೊರಗಿನಿಂದ ಬೇರ್ಪಡಿಸುವುದಷ್ಟೇ ಅದರ ಕೆಲಸವೆಂದು ವಿಜ್ಞಾನಿಗಳೂ ಬಹುಕಾಲ ನಂಬಿದ್ದರು. 1953ರಲ್ಲಿ ಲೋವೆಲ್ ಹೋಕಿನ್ ಮತ್ತು ಮೇಬಲ್ ಹೋಕಿನ್ ದಂಪತಿ ಪಾರಿವಾಳದ ಮೇದೋಜೀರಕ ಗ್ರಂಥಿಯ ಚೂರುಗಳಿಗೆ ಅಸಿಟೈಲ್‌ಕೋಲೀನ್ ಎಂಬ ನರಸಂದೇಶವಾಹಕವನ್ನು ಸೇರಿಸಿದಾಗ, ಪೊರೆಯ ಕೊಬ್ಬುಗಳಿಗೆ ವಿಕಿರಣಶೀಲ ರಂಜಕ ಸೇರುವ ವೇಗ ಒಮ್ಮೆಲೇ ಹೆಚ್ಚಿದ್ದನ್ನು ಕಂಡರು. ಬೇಲಿಯಾಗಿ ಸುಮ್ಮನೆ ನಿಂತಿರಬೇಕಾದ ವಸ್ತು ಹೊರಗಿನ ಕರೆಗೆ ಓಗೊಡುವುದೇಕೆ ಎಂಬ ಪ್ರಶ್ನೆಗೆ ತೃಪ್ತಿಕರ ಉತ್ತರ ಸಿಗಲು ಮುಂದೆ 30 ವರ್ಷ ಬೇಕಾಯಿತು.

ಹಾರ್ಮೋನೊಂದು ಕೋಶದ ಹೊರಮೈಯಲ್ಲಿರುವ ಗ್ರಾಹಕಕ್ಕೆ ತಗುಲಿದಾಗ, ಒಂದು ಕಿಣ್ವವು ಪೊರೆಯ ಒಳಪದರದಲ್ಲಿರುವ ಪಿಐಪಿ2 ಎಂಬ ಕೊಬ್ಬನ್ನು ಎರಡಾಗಿ ಸೀಳುತ್ತದೆ. ನೀರಿನಲ್ಲಿ ಕರಗುವ ತುಣುಕು ಒಳಕ್ಕೆ ಹೋಗಿ, ಕೋಶದಲ್ಲಿ ಕೂಡಿಟ್ಟ ಕ್ಯಾಲ್ಸಿಯಂ ಅನ್ನು ಹೊರಬಿಡಿಸುತ್ತದೆ. ಇದನ್ನು ಮೈಕೆಲ್ ಬೆರಿಜ್ ಮತ್ತು ಸಂಗಡಿಗರು 1983ರಲ್ಲಿ ತೋರಿಸಿಕೊಟ್ಟರು. ಪೊರೆಯಲ್ಲೇ ಉಳಿಯುವ ಇನ್ನೊಂದು ತುಣುಕು, ಜಪಾನಿನ ಯಸುಟೊಮಿ ನಿಷಿಜುಕಾ ಅವರು ಕಂಡುಹಿಡಿದ ಪ್ರೋಟೀನ್ ಕೈನೇಸ್ ಸಿ ಎಂಬ ಕಿಣ್ವವನ್ನು ಎಚ್ಚರಿಸುತ್ತದೆ.

ಇದೇ ಪಿಐಪಿ2ಗೆ ಇನ್ನೊಂದು ಫಾಸ್ಫೇಟ್ (ರಂಜಕವಿರುವ ಗುಂಪು) ಅಂಟಿದರೆ ಅದು ಪಿಐಪಿ3 ಆಗುತ್ತದೆ. ‘ಬೆಳೆ, ವಿಭಜಿಸು, ಸಾಯಬೇಡ’ ಎಂಬುದು ಅದು ಹೊರುವ ಸಂದೇಶ. ಫಾಸ್ಫೇಟ್ ಅಂಟಿಸುವ ಕಿಣ್ವ ಪಿಐ3 ಕೈನೇಸ್, ಕಿತ್ತುಹಾಕುವ ಕಿಣ್ವ 1997ರಲ್ಲಿ ಗುರುತಿಸಲಾದ ಪಿಟೆನ್. ಹಲವು ಬಗೆಯ ಕ್ಯಾನ್ಸರ್‌ಗಳಲ್ಲಿ ಮೊದಲನೆಯದು ಮಿತಿಮೀರಿ ದುಡಿಯುತ್ತಿರುತ್ತದೆ ಇಲ್ಲವೇ ಎರಡನೆಯದು ಕೆಟ್ಟಿರುತ್ತದೆ. ಪಿಐ3 ಕೈನೇಸನ್ನು ತಡೆಯುವ ಆಲ್ಪೆಲಿಸಿಬ್ ಎಂಬ ಔಷಧಕ್ಕೆ ಒಂದು ಬಗೆಯ ಸ್ತನ ಕ್ಯಾನ್ಸರ್‌ಗಾಗಿ 2019ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ದೊರೆಯಿತು. ಆದರೆ ಇನ್ಸುಲಿನ್ ಕೂಡ ತನ್ನ ಮಾತನ್ನು ಇದೇ ದಾರಿಯಿಂದ ಕೋಶದೊಳಕ್ಕೆ ಕಳಿಸುವುದರಿಂದ, ಈ ಔಷಧ ತೆಗೆದುಕೊಂಡ ಅನೇಕರಲ್ಲಿ ರಕ್ತದ ಸಕ್ಕರೆ ಏರುತ್ತದೆ. ನಿಮ್ಮ ಮೊಮ್ಮಗಳ ಕ್ಷೇತ್ರದ ಆಕರ್ಷಣೆಯೂ ತೊಡಕೂ ಇಲ್ಲಿಯೇ ಇದೆ: ಒಂದೇ ಸಂದೇಶವನ್ನು ಬೇರೆ ಬೇರೆ ಅಂಗಗಳು ಬೇರೆ ಬೇರೆ ಕೆಲಸಕ್ಕೆ ಬಳಸಿಕೊಳ್ಳುತ್ತವೆ.

ಪ್ರಶ್ನೆ: ಮೊಣಕಾಲು ನೋವಿಗೆ ಅಂಗಡಿಯಿಂದ ಗುಳಿಗೆ ತಂದು ನುಂಗುವ ರೂಢಿ ನನಗಿದೆ. ಈಚೆಗೆ ವೈದ್ಯರು ಕಿಡ್ನಿ ಪರೀಕ್ಷೆ ಮಾಡಿಸಿ, ಬಿಸಿಲುಗಾಲದಲ್ಲಂತೂ ಅದನ್ನು ಮುಟ್ಟಬೇಡಿ ಎಂದರು. ಕಾಲಿನ ಗುಳಿಗೆಗೂ ಕಿಡ್ನಿಗೂ ಏನು ಸಂಬಂಧ?
– ರೈತ ಮಹಿಳೆ, ಭಾಲ್ಕಿ

ಉತ್ತರ: ವೈದ್ಯರ ಮಾತು ಸರಿಯಾಗಿದೆ, ತಾಯಿ. ಪೊರೆಯ ಕೊಬ್ಬಿನಿಂದ ಬಿಡಿಸಿಕೊಂಡ ಅರಾಕಿಡೋನಿಕ್ ಆಮ್ಲ ಎಂಬ, 20 ಇಂಗಾಲಗಳ ಕೊಬ್ಬಿನಾಮ್ಲವನ್ನು ಕಾಕ್ಸ್ ಎಂಬ ಕಿಣ್ವವು ಪ್ರೊಸ್ಟಗ್ಲಾಂಡಿನ್‌ಗಳಾಗಿ ಮಾರ್ಪಡಿಸುತ್ತದೆ. ಕೀಲಿನಲ್ಲಿ ನೋವು, ಬಾವು ಹೆಚ್ಚಿಸುವುದು ಇವೇ. ಆದರೆ ಜಠರದ ಒಳಪದರವನ್ನು ಆಮ್ಲದಿಂದ ಕಾಯುವುದೂ, ದೇಹದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ನಾಳವನ್ನು ಹಿಗ್ಗಿಸಿಡುವುದೂ ಇವುಗಳದೇ ಕೆಲಸ. ಆಸ್ಪಿರಿನ್ ಮತ್ತು ಅಂಥ ನೋವುನಿವಾರಕಗಳು ಈ ತಯಾರಿಕೆಯನ್ನೇ ನಿಲ್ಲಿಸುತ್ತವೆ ಎಂಬುದನ್ನು ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರ ನೊಬೆಲ್ ಪ್ರಶಸ್ತಿಯನ್ನು ಅವರು ಸುನೆ ಬರ್ಗ್‌ಸ್ಟ್ರೋಮ್ ಮತ್ತು ಬೆಂಗ್ಟ್ ಸಾಮ್ಯುಯೆಲ್ಸನ್ ಅವರೊಂದಿಗೆ ಹಂಚಿಕೊಂಡರು.

ನಮ್ಮ ಭಾಗದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ಹೊಲದಲ್ಲಿ ಬೆವರು ಸುರಿಸಿ ನೀರು ಸಾಲದೆ ಬಂದವರು ಮೈಕೈ ನೋವಿಗೆಂದು ಡೈಕ್ಲೋಫೆನಾಕ್‌ನಂಥ ನೋವುನಿವಾರಕ ನುಂಗಿದರೆ, ಮೂತ್ರಪಿಂಡ ತನ್ನ ರಕ್ಷಣೆಗೆ ಆ ಹೊತ್ತಿನಲ್ಲಿ ನೆಚ್ಚಿಕೊಂಡಿರುವ ಸಂದೇಶವನ್ನೇ ಕಿತ್ತುಕೊಂಡಂತಾಗುತ್ತದೆ. ರಕ್ತದೊತ್ತಡದ ಕೆಲವು ಗುಳಿಗೆಗಳು ಮತ್ತು ಮೂತ್ರ ಹೆಚ್ಚಿಸುವ ಗುಳಿಗೆಗಳು ಜೊತೆಗೂಡಿದರೆ ಅಪಾಯ ಇನ್ನಷ್ಟು ಹೆಚ್ಚು. ಚೀಟಿಯಿಲ್ಲದೆ ಇವನ್ನು ಕೇಳಿದವರಿಗೆಲ್ಲ ಕೊಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ.

ನೋವಿನ ಸಂದೇಶವನ್ನಷ್ಟೇ ಆರಿಸಿ ತಡೆದರೆ ಹೇಗೆ ಎಂಬ ಯೋಚನೆ ಸಂಶೋಧಕರಿಗೂ ಬಂದಿತ್ತು. ಕಾಕ್ಸ್ ಕಿಣ್ವದಲ್ಲಿ ಎರಡು ಬಗೆಯಿದೆ. ಜಠರವನ್ನು ಕಾಯುವ ಕಾಕ್ಸ್-1ನ್ನು ಬಿಟ್ಟು, ಉರಿಯೂತದಲ್ಲಿ ಹೆಚ್ಚುವ ಕಾಕ್ಸ್-2ನ್ನು ಮಾತ್ರ ತಡೆಯುವ ರೋಫೆಕಾಕ್ಸಿಬ್ ಎಂಬ ಔಷಧ 1999ರಲ್ಲಿ ಮಾರುಕಟ್ಟೆಗೆ ಬಂತು. ಹೃದಯಾಘಾತ ಮತ್ತು ಪಾರ್ಶ್ವವಾಯು ಹೆಚ್ಚುವುದು ಪ್ರಯೋಗದಲ್ಲಿ ಕಂಡುಬಂದದ್ದರಿಂದ 2004ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ರಕ್ತನಾಳದ ಒಳಗೋಡೆಯಲ್ಲಿ ಹೆಪ್ಪುಗಟ್ಟುವಿಕೆಯನ್ನು ತಡೆಯುವ, ಕಾಕ್ಸ್-2ರಿಂದ ತಯಾರಾಗುವ ಪ್ರೊಸ್ಟಾಸೈಕ್ಲಿನ್ ಕುಗ್ಗಿ, ಪ್ಲೇಟ್‌ಲೆಟ್ ಎಂಬ ರಕ್ತಕಣಗಳ ಕಾಕ್ಸ್-1ರಿಂದ ಬರುವ, ಹೆಪ್ಪುಗಟ್ಟಿಸುವ ಥ್ರಾಂಬಾಕ್ಸೇನ್ ಹಾಗೆಯೇ ಉಳಿದದ್ದು ಇದರ ಮುಖ್ಯ ಕಾರಣವೆಂದು ಹೇಳಲಾಗುತ್ತದೆ. ಹೃದ್ರೋಗಿಗಳಿಗೆ ಕೊಡುವ ಅಲ್ಪ ಪ್ರಮಾಣದ ಆಸ್ಪಿರಿನ್ನಿನದು ಇದಕ್ಕೆ ತಿರುವುಮುರುವಾದ ಕಥೆ: ಅದು ಪ್ಲೇಟ್‌ಲೆಟ್‌ನ ಕಾಕ್ಸ್-1ನ್ನು ಕೆಡಿಸಿ ಥ್ರಾಂಬಾಕ್ಸೇನನ್ನು ಕುಗ್ಗಿಸುತ್ತದೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲದ ಕಾರಣ, ಒಮ್ಮೆ ಕೆಟ್ಟ ಕಿಣ್ವದ ಬದಲಿಗೆ ಹೊಸದನ್ನು ತಯಾರಿಸಲು ಅದಕ್ಕೆ ಹೆಚ್ಚುಕಡಿಮೆ ಸಾಧ್ಯವೇ ಇಲ್ಲ. ಹೀಗಾಗಿ ಸಣ್ಣ ಗುಳಿಗೆಯ ಪರಿಣಾಮ ಆ ಪ್ಲೇಟ್‌ಲೆಟ್ ಬದುಕಿರುವ ಏಳೆಂಟು ದಿನವೂ ಉಳಿಯುತ್ತದೆ.

ಪ್ರಶ್ನೆ: ಕುಸುಬಿ ಎಣ್ಣೆಯಲ್ಲಿ ಒಮೆಗಾ-6 ಜಾಸ್ತಿ, ಅದರಿಂದ ಮೈಯೆಲ್ಲ ಉರಿಯೂತ ಎಂಬ ವಿಡಿಯೊ ನೋಡಿ ಮಗ ಗಾಣದ ಎಣ್ಣೆ ತರುವುದನ್ನೇ ಬಿಟ್ಟಿದ್ದಾನೆ. ಹಿರಿಯರು ಉಂಡ ಎಣ್ಣೆ ಕೆಟ್ಟದ್ದೇ?
– ಗೃಹಿಣಿ, ಶಹಾಪುರ

ಉತ್ತರ: ಸಾಂಪ್ರದಾಯಿಕ ಕುಸುಬಿ ತಳಿಗಳ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲ ಎಂಬ ಒಮೆಗಾ-6 ಕೊಬ್ಬಿನಾಮ್ಲವಿದ್ದು, ದೇಹ ಅದರಿಂದ ಅರಾಕಿಡೋನಿಕ್ ಆಮ್ಲವನ್ನು ತಯಾರಿಸಬಲ್ಲದೆಂಬುದು ನಿಜ. ವಿಡಿಯೊ ಇಲ್ಲಿಂದ ನೇರವಾಗಿ ಉರಿಯೂತಕ್ಕೆ ಹಾರಿದೆ. ದೇಹ ಹಾಗೆ ಹಾರುವುದಿಲ್ಲ. ಈ ಮಾರ್ಪಾಡು ಬಿಗಿಯಾದ ಹತೋಟಿಯಲ್ಲಿ ನಡೆಯುವುದರಿಂದ, ಲಿನೋಲಿಯಿಕ್ ಆಮ್ಲವನ್ನು ಹೆಚ್ಚು ಸೇವಿಸಿದ ಮಾತ್ರಕ್ಕೆ ಆರೋಗ್ಯವಂತರ ರಕ್ತದಲ್ಲಿ ಉರಿಯೂತದ ಕುರುಹುಗಳು ಏರುವುದು ಪ್ರಯೋಗಗಳಲ್ಲಿ ಕಂಡುಬಂದಿಲ್ಲ. ಒಮೆಗಾ-3ರ ಬಗ್ಗೆ ಚಿಂತೆಯಿದ್ದರೆ ರೊಟ್ಟಿಯ ಜೊತೆ ಅಗಸಿ ಹಿಂಡಿ ಇರಲಿ. ಅಗಸಿಯ ಒಮೆಗಾ-3 ಮೀನೆಣ್ಣೆಯ ರೂಪಕ್ಕೆ ಬದಲಾಗುವುದು ಸ್ವಲ್ಪವೇ ಆದರೂ ಹಿಂಡಿಯಿಂದ ನಾರಿನಂಶವೂ ಸಿಗುತ್ತದೆ. ಕುಸುಬಿ ಎಣ್ಣೆಯನ್ನು ಕರಿಯಲು ಮತ್ತೆ ಮತ್ತೆ ಕಾಯಿಸಬೇಡಿ. ಅದು ಬೇಗ ಕೆಡುತ್ತದೆ. ಒಗ್ಗರಣೆಗೆ ಅಡ್ಡಿಯಿಲ್ಲ.

ಪ್ರಶ್ನೆ: ಸೆರಮೈಡ್ ಎಂಬ ಕೊಬ್ಬಿನಿಂದ ಸಕ್ಕರೆ ಕಾಯಿಲೆ ಬರುತ್ತದೆಂದು ಓದಿದೆ. ಅದರ ಪರೀಕ್ಷೆ ಮಾಡಿಸಲೇ?
– ವ್ಯಾಪಾರಿ, ಕಲಬುರಗಿ

ಉತ್ತರ: ಸ್ನಾಯು ಮತ್ತು ಯಕೃತ್ತಿನಲ್ಲಿ ಸೆರಮೈಡ್ ಹೆಚ್ಚಾದರೆ ಇನ್ಸುಲಿನ್ನಿನ ಸಂದೇಶ ಕೋಶದೊಳಗೆ ಮುಂದೆ ಸಾಗದಂತೆ ಅದು ಅಡ್ಡಿಪಡಿಸುತ್ತದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ, ಇಲಿಗಳಲ್ಲಿ ಸೆರಮೈಡ್ ತಯಾರಿಕೆಯನ್ನು ತಡೆದಾಗ ಇನ್ಸುಲಿನ್ನಿಗೆ ದೇಹದ ಸ್ಪಂದನೆ ಸುಧಾರಿಸಿತು. ಮನುಷ್ಯರಲ್ಲಿ ಸಕ್ಕರೆ ಕಾಯಿಲೆಯ ಚಿಕಿತ್ಸೆಗೆ ಇಂಥ ಔಷಧ ಇನ್ನೂ ಬಳಕೆಗೆ ಬಂದಿಲ್ಲ. ಹೀಗಿರುವಾಗ ಸೆರಮೈಡ್ ಅಂಕಿ ಕೈಗೆ ಬಂದರೂ ನಿಮ್ಮ ವೈದ್ಯರು ಹೇಳುವುದು ಬದಲಾಗದು. ಆ ಹಣದಲ್ಲಿ ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತಿಳಿಸುವ ಪರೀಕ್ಷೆ), ರಕ್ತದೊತ್ತಡ ಮತ್ತು ಸಾಮಾನ್ಯ ಕೊಲೆಸ್ಟರಾಲ್ ಪರೀಕ್ಷೆಗಳನ್ನು ಮಾಡಿಸಿ, ಫಲಿತಾಂಶವನ್ನು ವೈದ್ಯರಿಗೆ ತೋರಿಸಿ.